ಹೆಸರುಕಾಳು

ಗಾಡಿಯ ಬೆಲೆ ನನಗೆ ಗೊತ್ತು.
ಅದರ ಕಾಲು, ಚಕ್ರ, ಹಬೆಪೆಟ್ಟಿಗೆಯ ತಗಡು,
ಮೂಲೆಮೂಲೆಯ ಬೆಸುಗೆ ನನ್ನದೇ.
ಇಲೋಯ್ಲೊದಲ್ಲಿ, ಇಗರ್ಜಿಯ ಹಿಂದಿನ ಈ ಷೆಡ್ಡಿನಲ್ಲಿ
ತಿಂಗಳಿಗೆ ಐದು ಗಾಡಿ,
ಒಂದಕ್ಕೆ ಹತ್ತೊಂಬತ್ತು ಸಾವಿರ ಪೆಸೊ,
ಕಬ್ಬಿಣದ ಖರ್ಚೂ ಸೇರಿ.

ಅದಕ್ಕೇ ಹಳದಿ ಬಳಿದು
ನಗುವ ಅಜ್ಜಿಯ ಮುಖ ಅಂಟಿಸಿ
ಕಂಪನಿ ಮಾರುವುದು ಒಂದು ಲಕ್ಷದ ಎಂಬತ್ತು ಸಾವಿರಕ್ಕೆ.
ಲೋಲಾ ಬೆಬಾಂಗ್ ಅಂತೆ ಅಜ್ಜಿಯ ಹೆಸರು.
ಅಂಥವಳು ಹುಟ್ಟಿಯೇ ಇರಲಿಲ್ಲ ಅನ್ನುತ್ತಾನೆ
ಬಣ್ಣ ಬಳಿಯುವ ಹುಡುಗ.

ಈಗ ನನ್ನ ಡೆಲ್ಫಿನಾಗೆ ಆ ಗಾಡಿ ಬೇಕು.

ಹೊಲಿಗೆ ಫ್ಯಾಕ್ಟರಿ ಮುಚ್ಚಿದಾಗ ಅವಳ ಕೈಗೆ ಬಂದದ್ದು
ಎರಡು ಲಕ್ಷದ ಮೇಲೆ ಸ್ವಲ್ಪ.
ಹದಿನಾಲ್ಕು ವರ್ಷ ಅವಳು ಹೊಲಿದದ್ದು ಬರೀ ಎಡತೋಳು.
ಬಲತೋಳು ಪಕ್ಕದ ಸಾಲಿನವಳದು.
ಪೂರ್ತಿ ಅಂಗಿಯೊಂದನ್ನು ಅವಳು ಕಂಡದ್ದು
ಸಂತೆಯಲ್ಲಿ, ಬೇರೆಯವರ ಮೈಮೇಲೆ.

ನಾನಂದೆ: ಹತ್ತೊಂಬತ್ತಕ್ಕೆ ನಾನೇ ಬೆಸೆದುಕೊಡ್ತೀನಿ,
ನಿನ್ನ ಹೆಸರೇ ಬರೆಸೋಣ.
ಅವಳಂದಳು: ನನ್ನ ಹೆಸರು ನೋಡಿ ಯಾರು ನಿಲ್ತಾರೆ?
ಜೀಪ್ನಿ ಇಳಿದ ಹುಡುಗಿಗೆ ಹಸಿವಿದೆ, ಪುರುಸೊತ್ತಿಲ್ಲ.
ಹಳದಿ ಕಂಡರೆ ಅವಳು ಯೋಚಿಸಬೇಕಿಲ್ಲ.
ಆ ಯೋಚಿಸಬೇಕಿಲ್ಲದ್ದಕ್ಕೇ, ಮಾರಾಯ, ದುಡ್ಡು.

ಮೂರು ದಿನ ಹೋಗಿ ಕೂತಳು
ನಿಲ್ದಾಣದೆದುರು, ರೊಡೆಲ್‌ನ ಹಳದಿ ಗಾಡಿಗೆ ಮುಖ ಮಾಡಿ.
ಎಡ ಜೇಬಲ್ಲಿ ಹೆಸರುಕಾಳು.
ಒಬ್ಬ ಗಿರಾಕಿ ನಿಂತರೆ ಒಂದು ಕಾಳು ಬಲ ಜೇಬಿಗೆ.
ಸೋಮವಾರ ನೂರ ಅರವತ್ತಮೂರು.
ಮಂಗಳವಾರ ನೂರ ನಲವತ್ತೆಂಟು.
ಬುಧವಾರ ಮಳೆ. ನಲವತ್ತೊಂದು,
ಅದರಲ್ಲಿ ಆರು ಜನ ಬರೀ ಕೊಡೆಯ ಆಸರೆಗೆ ನಿಂತವರು;
ಹಾಕಿದ ಮೇಲೆ ತೆಗೆಯಲು ಮನಸ್ಸಾಗಲಿಲ್ಲವಂತೆ.

ಕೊನೆಗೆ ಎದ್ದು ಹೋಗಿ
ಒಂದು ಪ್ಲೇಟು ಸಿಯೋಮಾಯ್ ಕೊಂಡು ಕೇಳಿದಳು:
ಇನ್ನೊಂದು ಸಲ ಸಹಿ ಹಾಕು ಅಂದ್ರೆ ಹಾಕ್ತೀಯಾ, ರೊಡೆಲ್?
ಅವನು ಒರೆಸಿದ್ದ ಮುಚ್ಚಳವನ್ನೇ ಮತ್ತೆ ಒರೆಸಿದ.
ಮಾಂಸದ ಹೂರಣ ಅವರಿಂದಲೇ ಕೊಳ್ಳಬೇಕು ಅಂದ,
ಮೆಣಸಿನೆಣ್ಣೆಯೂ, ಟೂತ್‌ಪಿಕ್ಕೂ.
ಆಮೇಲೆ ಅವಳ ತಟ್ಟೆಗೆ ಇನ್ನೊಂದು ಕಡುಬು ಹಾಕಿ,
ಕಂಪನಿಗೆ ಹೇಳಬೇಡಿ,
ಪ್ಲೇಟಿಗೆ ನಾಲ್ಕೇ, ಅಂದ.

ಕರಾರಿನ ಹದಿನೇಳನೇ ಪುಟದಲ್ಲಿ ಹೀಗಿದೆ:
ಐದು ವರ್ಷದ ನಂತರ ಬಿಟ್ಟರೆ
ಎರಡು ವರ್ಷ, ಎರಡು ಕಿಲೋಮೀಟರಿನೊಳಗೆ
ಹಬೆಯಲ್ಲಿ ಬೆಂದ ಯಾವುದನ್ನೂ ಮಾರಕೂಡದು.
ಅನ್ನವನ್ನೂ? ಡೆಲ್ಫಿನಾ ಕೇಳಿದಳು.
ಏಜೆಂಟ್ ಸಲ್ವಿಲ್ಲಾ ಜೋರಾಗಿ ನಕ್ಕ.
ಇಲ್ಲ ಅನ್ನಲಿಲ್ಲ.

ಶುಕ್ರವಾರ ಊರೆಲ್ಲ ಹೆಸರುಕಾಳು ಬೇಯಿಸುವ ದಿನ.
ಅವಳು ಬಲ ಜೇಬು ಮೊರಕ್ಕೆ ಕೊಡವಿದಳು:
ಮೂರು ದಿನದ ಗಿರಾಕಿಗಳು, ಮುನ್ನೂರ ಐವತ್ತೆರಡು ಮಂದಿ,
ಅರ್ಧ ಹಿಡಿಯೂ ಇಲ್ಲ.
ಇಷ್ಟೇನಾ, ಅಂದೆ. ಅಂದದ್ದು ತಪ್ಪಾಯಿತು.
ಡಬ್ಬದಿಂದ ಇನ್ನೆರಡು ಹಿಡಿ ಸುರಿದು
ಎಲ್ಲ ಬೆರೆಸಿಬಿಟ್ಟಳು.
ಇನ್ನು ಯಾವುದು ಎಣಿಸಿದ್ದು, ಯಾವುದು ಅಲ್ಲ,
ಬೆಂಕಿಗೂ ಗೊತ್ತಾಗುವುದಿಲ್ಲ.

ಊಟದ ಹೊತ್ತಿಗೆ ಮಾತಿರಲಿಲ್ಲ.
ಒಂದೇ ಒಂದು ಸಲ, ಬಟ್ಟಲು ನೋಡುತ್ತ:
ಅದೂ ಎಡತೋಳೇ ಅಲ್ವಾ?
ನಾನು ಹೌದೂ ಅನ್ನಲಿಲ್ಲ.
ನನಗೇನು, ನಾನು ಹೊಲಿಯುವುದು ಕಬ್ಬಿಣ,
ತಿಂಗಳಿಗೆ ಐದು, ಅದೇ ಅಜ್ಜಿಯ ದುಡ್ಡಿಗೆ.

ಇವತ್ತು ಬೆಳಿಗ್ಗೆ ಷೆಡ್ಡಿಗೆ ಬಂದಳು.
ಅರ್ಧ ಬೆಸೆದ ಗಾಡಿಯೆದುರು ನಿಂತು
ಹಲಗೆ ಬರುವ ಜಾಗಕ್ಕೆ ಮೊಣಕೈ ಊರಿ ನೋಡಿದಳು.
ಎರಡು ಬೆರಳು ತಗ್ಗಿಸು, ಅಂದಳು,
ಭುಜ ನೋಯತ್ತೆ.
ಕಂಪನಿಯ ಅಳತೆ ಮೂವತ್ತಾರು ಇಂಚು.
ಒಂದು ಕೂದಲು ಹೆಚ್ಚುಕಮ್ಮಿಯಾದರೂ ವಾಪಸು ಕಳಿಸುತ್ತಾರೆ.

ಕರಾರು ಇನ್ನೂ ಅಕ್ಕಿ ಡಬ್ಬದ ಮೇಲಿದೆ,
ಪೆನ್ನೂ ಅದರ ಮೇಲೇ ಇದೆ.
ಯಾವ ಬಣ್ಣ ಅಂತ ನಾನು ಕೇಳಲಿಲ್ಲ.
ಕಾಲಿಗೆ ಸೀಮೆಸುಣ್ಣದ ಗೆರೆ ಎಳೆದು
ಕನ್ನಡಕ ಇಳಿಸಿಕೊಂಡು
ಗರಗಸ ಹಚ್ಚಿದೆ.